ಬಾಡಿಗೆ ಮನೆಯ ಬಡತನಕ್ಕೊಂದು ವಿಮೆ

ಬಾಡಿಗೆ ಮನೆಯಲ್ಲಿರುವವನಿಗೆ ಎರಡು ಮುಖ ಇರಲೇಬೇಕು. ನೆಂಟರ ಮುಂದೆ ಅನುಕೂಲಸ್ಥ, ಓನರ್ ಮುಂದೆ ಬಡಪಾಯಿ. ದೊಡ್ಡಬಳ್ಳಾಪುರಕ್ಕೆ ಬಂದ ಮೇಲೆ ನಾನು ಎರಡನೆಯ ವಿದ್ಯೆಯಲ್ಲಿ ಎಷ್ಟು ಪಳಗಿದೆನೆಂದರೆ, ಅಗ್ರಿಮೆಂಟು ಮುಗಿಯುವ ತಿಂಗಳು ಬಂತೆಂದರೆ ಹವಾಯಿ ಚಪ್ಪಲಿ ಹಾಕಿಕೊಂಡು, ಬೂಟನ್ನು ಕವರಿನಲ್ಲಿಟ್ಟುಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದೆ. ನಮ್ಮ ಓನರ್ ಜಯಮ್ಮನವರು ಕೆಳಗೆ ಪವರ್‌ಲೂಮ್ ಮಗ್ಗ ನಡೆಸುತ್ತಾರೆ, ನಾವು ಮಹಡಿಯಲ್ಲಿದ್ದೇವೆ. "ಪಾಪ, ಇರ್ಲಿ ಬಿಡಿ" ಎಂದು ಎರಡು ವರ್ಷ ಬಾಡಿಗೆ ಏರಿಸದೆ ಬಿಟ್ಟ ಪುಣ್ಯಾತ್ಗಿತ್ತಿ.

ಹೀಗಿರುವಾಗ ವಾಷಿಂಗ್ ಮೆಷಿನ್ ಕೊಂಡೆವು. ಜಯಮ್ಮನವರು ಮಗಳನ್ನು ನೋಡಲು ಗೌರಿಬಿದನೂರಿಗೆ ಹೋಗಿದ್ದ ದಿನ ಅದನ್ನು ಮೇಲಕ್ಕೆ ಹತ್ತಿಸಿ, ಹಳೇ ಬೆಡ್‌ಶೀಟ್ ಹೊದಿಸಿ, ಮೇಲೊಂದು ಮೊರ ಇಟ್ಟೆವು. ಕೆಳಗೆ ಮಗ್ಗ ಸದ್ದು ಮಾಡುವಾಗ ಮಾತ್ರ ಬಟ್ಟೆ ಒಗೆಯುತ್ತಿದ್ದೆವು. ಕರೆಂಟು ಹೋಗಿ ಮಗ್ಗ ನಿಂತರೆ ಮೆಷಿನ್ನೂ ನಿಲ್ಲುತ್ತಿತ್ತು, ದೇವರು ದೊಡ್ಡವನು.

ಅಷ್ಟರಲ್ಲಿ ಹಿಂದಿನ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಕಳ್ಳತನವಾಯಿತು. ಗ್ಯಾಸ್ ಸಿಲಿಂಡರನ್ನೂ ಬಿಟ್ಟಿರಲಿಲ್ಲ. ನನಗೆ ಮೆಷಿನ್ನಿನ ಚಿಂತೆ ಹತ್ತಿತು. ಬಾಶೆಟ್ಟಿಹಳ್ಳಿಯ ನಮ್ಮ ಫ್ಯಾಕ್ಟರಿಯ ಗೆಳೆಯನೊಬ್ಬ, "ಬಾಡಿಗೆಗಿರೋರ ಸಾಮಾನಿಗೂ ಇನ್ಶೂರೆನ್ಸ್ ಐತೆ ಗುರು. ಮನೆ ಓನರ್‌ದು, ಸಾಮಾನು ನಿಂದೇ ತಾನೆ?" ಎಂದ. ಹೆಂಡತಿ ಸುಧಾಳಿಗೂ ಸರಿಯೆನಿಸಿತು. "ಆದ್ರೆ ಏಜೆಂಟನ್ನ ಹೊರಗೇ ನೋಡ್ಕೊಂಡ್ ಬನ್ನಿ, ಮನೆಗೆ ಕರೀಬೇಡಿ" ಎಂದಳು. ಹೆಂಡತಿ ಹೇಳಿದ್ದನ್ನು ಕೇಳುವವನಾಗಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಭಾನುವಾರ ಏಜೆಂಟು ಬಂದು ಕೂತ. ಅವನ ಹಿಂದೆಯೇ ಅವರೆಕಾಯಿ ಕೊಡಲು ಬಂದ ಜಯಮ್ಮನವರೂ ಕೂತರು. ಅಗ್ರಿಮೆಂಟು ಮುಗಿಯುವುದು ಅದೇ ತಿಂಗಳು. "ಬೆಲೆಬಾಳೋ ಸಾಮಾನು ಏನೇನಿದೆ ಸಾರ್?" ಎಂದ ಏಜೆಂಟು. ಸುಧಾ ಕಣ್ಣಲ್ಲೇ 'ಬಾಯಿ ಮುಚ್ಚಿ' ಎಂದಳು. ಮುಚ್ಚಿದೆ. ನನ್ನ ಪರವಾಗಿ ಜಯಮ್ಮನವರೇ ಮಾತಾಡಿದರು.

"ಇವ್ರತ್ರ ಏನೈತೆ ಅಂತ ಬಂದಿದ್ದೀಯಪ್ಪಾ? ಪಾಪ, ತಿಂಗಳ ಕೊನೆಗೆ ಹಾಲಿಗೂ ಒದ್ದಾಡ್ತಾರೆ. ಕಳ್ಳ ಬಂದ್ರೂ ಅವ್ನೇ ಏನಾದ್ರೂ ಇಟ್ಟು ಹೋಗ್ಬೇಕು."

ಇಷ್ಟಕ್ಕೇ ನಿಂತಿದ್ದರೆ ನಾನು ಗೆದ್ದಿದ್ದೆ. ಆದರೆ ಏಜೆಂಟು ಮನೆಯನ್ನೊಮ್ಮೆ ಸುತ್ತ ನೋಡಿ, "ಹೌದು ಬಿಡಮ್ಮ" ಎಂದು ಬ್ಯಾಗಿನ ಜಿಪ್ ಎಳೆದ. ಆ 'ಹೌದು' ನನಗೆ ತಡೆಯಲಾಗಲಿಲ್ಲ. ಎರಡು ವರ್ಷ ನಾನೇ ಪಾಡುಪಟ್ಟು ಸಂಪಾದಿಸಿದ ಬಡತನವನ್ನು ಇನ್ನೊಬ್ಬ ಇಷ್ಟು ಸುಲಭವಾಗಿ ನಂಬಿಬಿಡುವುದೇ? "ನಮ್ಮನ್ನ ಏನಂದ್ಕೊಂಡಿದ್ದೀರ ಸ್ವಾಮಿ?" ಎನ್ನುತ್ತ ಎದ್ದು, ಮೊರ ಕೆಳಗಿಟ್ಟು, ಬೆಡ್‌ಶೀಟ್ ಎಳೆದೆ. "ಫ್ರಂಟ್ ಲೋಡ್" ಎಂದೆ. ಅದೂ ಸಾಲದೆಂದು ಬೀರು ತೆಗೆದು ಸುಧಾಳ ರೇಷ್ಮೆ ಸೀರೆಗಳನ್ನೂ ತೋರಿಸಿದೆ. ಸುಧಾ ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದಳು.

ಜಯಮ್ಮನವರು ಎದ್ದು ಬಂದು ಮೆಷಿನ್ನನ್ನು ಪ್ರೀತಿಯಿಂದ ಸವರಿದರು. ಮುಖದಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. "ಸಂತೋಷ ಕಣಪ್ಪಾ. ಎಷ್ಟು ಕಷ್ಟದಲ್ಲಿದ್ದಾರೋ ಅಂತ ನಾನೇ ಸಂಕಟ ಪಡ್ತಿದ್ದೆ. ಈ ಸಲ ಅಗ್ರಿಮೆಂಟಲ್ಲಿ, ಎರಡು ವರ್ಷ ಬಾಡಿಗೆ ಏರಿಸ್ದೆ ಬಿಟ್ಟಿದ್ದೆಲ್ಲ ಸೇರಿಸಿ ಬರೆಸ್ಬಿಡಾಣ" ಎಂದರು.

ಪಾಲಿಸಿ ಮಾಡಿಸಿದ್ದೇನೆ. ಬೆಂಕಿ, ನೀರು, ಕಳ್ಳತನ, ಎಲ್ಲದರಿಂದಲೂ ರಕ್ಷಣೆಯಿದೆ. ಆದರೆ ಕಳ್ಳನಾದರೆ ಒಂದು ಸಲ ಒಯ್ದು ಸುಮ್ಮನಾಗುತ್ತಿದ್ದ. ನನ್ನ ಬಾಯಿ ಪ್ರತಿ ತಿಂಗಳು ಒಂದನೇ ತಾರೀಖು ತಪ್ಪದೆ ಒಯ್ಯುತ್ತಿದೆ.