ಖಾಲಿ ಕೊಡಬಾರದ ಡಬ್ಬಿ

ನಮ್ಮ ಕಡೆಯ ಹೆಣ್ಣುಮಕ್ಕಳು ಯಾರ ಮನೆಯ ಡಬ್ಬಿಯನ್ನೂ ಖಾಲಿ ವಾಪಸ್ ಕೊಡುವುದಿಲ್ಲ. ಮಜ್ಜಿಗೆ ತಂದ ಚೊಂಬಿನಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಅದೂ ಇಲ್ಲದಿದ್ದರೆ ಒಂದಿಷ್ಟು ಸಕ್ಕರೆಯಾದರೂ ಇರಲೇಬೇಕು. ಎಂಥ ಚಂದದ ಪದ್ಧತಿ ಎಂದು ನಾನೂ ಭಾಷಣ ಬಿಗಿದವನೇ. ಆದರೆ ಹಳ್ಳಿಗಳ ರಕ್ತ, ಮೂತ್ರ, ಕಫವನ್ನೆಲ್ಲ ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹಗರಿಬೊಮ್ಮನಹಳ್ಳಿಯ ಲ್ಯಾಬಿಗೆ ಸಾಗಿಸುವುದೇ ನನ್ನ ಹೊಟ್ಟೆಪಾಡು ನೋಡಿ, ಆ ಪದ್ಧತಿ ಒಂದು ದಿನ ನನ್ನ ಬುಡಕ್ಕೇ ಬಂತು.

ಹಂಪಸಾಗರದ ಆಚೆಯ ಹಳ್ಳಿಯಲ್ಲಿ ಹನುಮಕ್ಕ ಎಂಬ ಕೂಲಿ ಮಾಡುವ ಹಿರಿಯ ಹೆಂಗಸಿಗೆ ಬಿಡದ ಕೆಮ್ಮು. ಮಗಳು ಬಾಣಂತನಕ್ಕೆ ಬಂದಿದ್ದಳು. ಟಿ.ಬಿ. ಅಲ್ಲವೆಂದು ಗೊತ್ತಾಗುವವರೆಗೆ ಕೂಸಿನ ಹತ್ತಿರ ಹೋಗಬೇಡ ಎಂದಿದ್ದರು ಡಾಕ್ಟರು. ಪಾಪ, ಬಾಯಿಗೆ ಸೆರಗು ಕಟ್ಟಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಒಳಗೆ ಮೊಮ್ಮಗಳು ಅತ್ತರೆ ಅಲ್ಲಿಂದಲೇ ಜೋಗುಳ. ಹೆಸರಿನ ಚೀಟಿ ಅಂಟಿಸಿದ ಡಬ್ಬಿ ಕೊಟ್ಟು, "ಯಮ್ಮಾ, ನಸುಕಿನ್ಯಾಗ ಎದಿಯಿಂದ ಕೆಮ್ಮಿ ಕಫ ತೆಗೀಬೇಕು, ಬರೇ ಉಗುಳು ನಡಿಯಂಗಿಲ್ಲ" ಎಂದು ಕೆಮ್ಮಿಯೇ ತೋರಿಸಿದೆ. ನನ್ನ ಕೆಮ್ಮಿಗೆ ಕೂಸು ಎಚ್ಚರಾಗಿ, ಬಾಣಂತಿಯಿಂದ ಬೈಸಿಕೊಂಡೆ.

ಮರುದಿನ ಕಾಗದ ಸುತ್ತಿ ದಾರ ಕಟ್ಟಿದ ಡಬ್ಬಿಯನ್ನು ಹನುಮಕ್ಕ ಕೈಗಿತ್ತಳು. ಬಿಚ್ಚಿ ನೋಡಿಯೇ ಪೆಟ್ಟಿಗೆಯಲ್ಲಿ ಇಡಬೇಕೆಂದು ಊರಿಗೆಲ್ಲ ಪಾಠ ಹೇಳುವವನು ನಾನೇ. ಅಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಹಾಗೇ ಇಟ್ಟುಕೊಂಡು ಓಡಿದೆ. ಲ್ಯಾಬಿನ ಹುಡುಗಿ ಕಾಗದ ಬಿಚ್ಚಿ, ಡಬ್ಬಿಯನ್ನು ಬೆಳಕಿಗೆ ಹಿಡಿದು, "ಅಣ್ಣಾರ, ಸಕ್ಕರಿ ತಂದೀರಲ್ರೀ! ಚಾಪುಡಿ ಎಲ್ಲೈತಿ?" ಎಂದಳು. ಅಯ್ಯಯ್ಯೋ! ಅಷ್ಟು ಜನರೆದುರು ನನ್ನ ಮಾನ ಮೂರಾಬಟ್ಟೆಯಾಯಿತು.

ಕುದಿಯುತ್ತಲೇ ಹನುಮಕ್ಕನ ಮನೆಗೆ ಹೋದೆ. "ಎಷ್ಟು ಕೆಮ್ಮಿದ್ರೂ ಕಫ ಬರ್ಲಿಲ್ಲಪ್ಪಾ. ಅದಕ್ಕ ನಿನ್ನ ಡಬ್ಬಿ ತೊಳದು ಕೊಟ್ಟೆ. ಕೂಸು ಹುಟ್ಟಿದ ಮನಿಯಿಂದ ಖಾಲಿ ಹೆಂಗ ಕೊಡ್ಲಿ?" ಎಂದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ! ಹೊಸ ಡಬ್ಬಿ ಕೊಟ್ಟೆ. ಮರುದಿನ ನಸುಕಿಗೇ ಹೋಗಿ ಕಟ್ಟೆಯ ಬಳಿ ಕಾದು, ಕಣ್ಣಾರೆ ನೋಡಿ ತಂದೆ.

ಟಿ.ಬಿ. ಇರಲಿಲ್ಲ. ಸುದ್ದಿ ಕೇಳಿದ್ದೇ ತಡ, ಹನುಮಕ್ಕ ಒಳಗೆ ನುಗ್ಗಿ ಕೂಸನ್ನು ಎದೆಗವಚಿಕೊಂಡಳು. ಮಗಳು ಹಾಲು ಕುಡಿಸಬೇಕೆಂದರೂ ಬಿಡಲೊಲ್ಲಳು. ನನ್ನ ಕಣ್ಣೂ ಒದ್ದೆಯಾಯಿತು. ಹೊರಡುವಾಗ ಬಾಣಂತಿಗೆಂದು ಕಟ್ಟಿದ್ದ ಅಂಟಿನುಂಡಿಯನ್ನು ಸ್ಟೀಲ್ ಡಬ್ಬಿಯ ತುಂಬ ಕೊಟ್ಟಳು.

ಉಂಡಿ ಖಾಲಿಯಾದ ಮೇಲೆ ನನ್ನ ಹೆಂಡತಿ ಆ ಡಬ್ಬಿಗೆ ಸಕ್ಕರೆ ತುಂಬಿ, ಕಾಗದ ಸುತ್ತಿ, ಹನುಮಕ್ಕನಿಗೆ ಕೊಟ್ಟು ಬಾ ಎಂದಳು. ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ನಾನು ಬಾಗಿಲಲ್ಲೇ ನಿಂತು ಕಾಗದ ಬಿಚ್ಚಿ, ಮುಚ್ಚಳ ತೆಗೆದು, ಸಕ್ಕರೆಯೇ ಹೌದೋ ಅಲ್ಲವೋ ಎಂದು ಚೂರು ಬಾಯಿಗೆ ಹಾಕಿಕೊಂಡು ಖಾತ್ರಿ ಮಾಡಿಕೊಂಡೆ. ಬಸ್ಸು ಹೋಗೇಬಿಟ್ಟಿತು.