ಟ್ಯಾಬ್ ಕೀಲಿಯೂ ನನ್ನ ಷರಾಗಳೂ

ಮರೆವು ದೇವರು ಕೊಟ್ಟ ವರ ಎನ್ನುವವರನ್ನು ನಾನು ಎಂದೂ ನಂಬಿದವನಲ್ಲ. ಹಾಗೆ ಹೇಳುವವರು ಸಾಮಾನ್ಯವಾಗಿ ನಮ್ಮಿಂದ ಏನನ್ನಾದರೂ ಒಯ್ದು ಹಿಂದಿರುಗಿಸದೆ ಇರುವವರು. ನನಗಂತೂ ಆ ವರ ಪ್ರಾಪ್ತವಾಗಿಲ್ಲ. ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ಯಾರು ಯಾವ ದಿನ ನನ್ನನ್ನು ಕಂಡೂ ಲಿಫ್ಟಿನ ಬಾಗಿಲೆಳೆದುಕೊಂಡು ಮೇಲೆ ಹೋದರು, ನನ್ನ ಮಗನ ಮದುವೆಯಲ್ಲಿ ಯಾರು ಎಷ್ಟನೆಯ ಹೋಳಿಗೆ ತಿನ್ನುತ್ತ ‘ಹೂರಣ ಸ್ವಲ್ಪ ಕಡಿಮೆಯಾಯಿತು’ ಎಂದರು ಎಂಬುದೆಲ್ಲ ನನ್ನಲ್ಲಿ ಸುರಕ್ಷಿತವಾಗಿದೆ. “ನಿಮ್ಮ ತಲೇಲಿ ಕಸ ಗುಡಿಸೋ ಪದ್ಧತೀನೇ ಇಲ್ಲ ಬಿಡಿ” ಎಂದು ನನ್ನ ಹೆಂಡತಿ ಒಮ್ಮೆ ಹೇಳಿದ್ದಳು. ಅದು ಒಂದು ಗುರುವಾರ.

ನಿವೃತ್ತನಾಗುವ ಮೊದಲು ನಾನು ಒಂದು ದೊಡ್ಡ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಅಂದಿನ ಕಂಪ್ಯೂಟರಿಗೆ ಮೌಸೂ ಇರಲಿಲ್ಲ, ಬಣ್ಣದ ಚಿತ್ರಗಳೂ ಇರಲಿಲ್ಲ. ಒಂದು ಕಪ್ಪು ಪರದೆ. ಅದರ ಮೇಲೆ ನಾವು ಟೈಪು ಮಾಡಿದ ಆಜ್ಞೆ. ಅದನ್ನು ತಪ್ಪದೆ ಪಾಲಿಸುವ ಯಂತ್ರ. ಮನುಷ್ಯರಲ್ಲಿ ಕಾಣದ ಈ ಸದ್ಗುಣಕ್ಕೆ ಮಾರುಹೋದ ನಾನು, ಮಾಟುಂಗದ ನಮ್ಮ ಕನ್ನಡ ಸಂಘದ ಗ್ರಂಥಾಲಯವನ್ನು ನೋಡಿಕೊಳ್ಳುವ ಸೇವೆ ಒಪ್ಪಿಕೊಂಡಾಗ, ಅದೇ ಬಗೆಯ ಒಂದು ತಂತ್ರಾಂಶವನ್ನು ಕೈಯಾರೆ ಬರೆದೆ. ಹೆಸರು ‘ಹೊತ್ತಗೆ’. ಇಂಗ್ಲಿಷ್ ಅಕ್ಷರಗಳಲ್ಲಿ ‘ಹೊತ್ತಗೆ ಕೊಡು’ ಎಂದು ಬರೆದು, ಸದಸ್ಯರ ಹೆಸರು ಮತ್ತು ಪುಸ್ತಕದ ಸಂಖ್ಯೆ ಸೇರಿಸಿದರೆ ಪುಸ್ತಕ ಅವರ ಹೆಸರಿಗೆ ದಾಖಲಾಗುತ್ತದೆ. ‘ಹೊತ್ತಗೆ ಪಡೆ’ ಎಂದರೆ ಮರಳಿ ಬಂದಂತೆ. ಇದಲ್ಲದೆ, ಪ್ರತಿ ಸದಸ್ಯನ ಹೆಸರಿನ ಮುಂದೆ ‘ಷರಾ’ ಎಂಬ ಒಂದು ಅಂಕಣವನ್ನೂ ಇರಿಸಿದ್ದೆ. ಒಂಬತ್ತು ವರ್ಷಗಳಿಂದ ಆ ಅಂಕಣವನ್ನು ನಾನು ಅಷ್ಟಾಗಿ ಖಾಲಿ ಬಿಟ್ಟಿಲ್ಲವೆಂದು ಮಾತ್ರ ಸದ್ಯಕ್ಕೆ ಹೇಳುತ್ತೇನೆ.

ಹೀಗಿರಲು, ಕಳೆದ ಶ್ರಾವಣದಲ್ಲಿ ಸಂಘದ ಕಾರ್ಯದರ್ಶಿ ಗುರುರಾಜ ಕುಲಕರ್ಣಿಯವರು ಎರಡು ಕೈಗಳನ್ನೂ ಹೊಸೆಯುತ್ತ ನನ್ನ ಮೇಜಿನ ಬಳಿ ಬಂದರು. ಧಾರವಾಡದವರು, ಕತ್ತಿಯನ್ನೂ ಪೇಢೆಯ ಪೊಟ್ಟಣದಲ್ಲಿಟ್ಟು ಕೊಡುವವರು.

“ಸರ, ತಪ್ಪು ತಿಳ್ಕೋಬ್ಯಾಡ್ರಿ. ಆ ಕರೀ ಪರದೆ ನಿಮ್ಮನ್ನ ಬಿಟ್ರ ಮತ್ತೊಬ್ಬರಿಗೆ ತಿಳ್ಯಾಂಗಿಲ್ಲ. ಮುಂದಿನ ರವಿವಾರ ಕಮಿಟಿ ಕೂಡ್ತದ. ಮೌಸ್‌ಲೆ ನಡಿಯೋ ರೆಡಿಮೇಡ್ ಒಂದು ತಗೊಂಬಿಡೋಣು. ನೀವೂ ಈಗ ಸ್ವಲ್ಪ ವಿಶ್ರಾಂತಿ ತಗೊಳ್ರಿ.”

ವಿಶ್ರಾಂತಿ! ಮುಂಬಯಿಯಲ್ಲಿ ಮನುಷ್ಯನನ್ನು ಚಲಿಸುವ ಲೋಕಲಿನಿಂದ ಇಳಿಸುವಾಗಲೂ ಇಷ್ಟು ನಯವಾಗಿ ಇಳಿಸುವುದಿಲ್ಲ. ನಾನು ಬುಧವಾರಗಳಂದು ನನ್ನ ಬದಲಿಗೆ ಪುಸ್ತಕ ಕೊಡುವ ವತ್ಸಲಾ ಬಾಯಿಯವರತ್ತ ನೋಡಿದೆ. ಆಕೆಗೆ ‘ಹೊತ್ತಗೆ’ಯನ್ನು ನಾನೇ ಕಲಿಸಿದ್ದೆ. ಸಾಕ್ಷಿ ಹೇಳುತ್ತಾರೆಂದು ನಿರೀಕ್ಷಿಸಿದರೆ, ಆಕೆ, “ಮತ್ತೆಲ್ಲ ಸುಲಭ ಉಂಟು ಸರ್. ಆದರೆ ಆ ಹೆಸರು ಪೂರ್ತಿ ಟೈಪ್ ಮಾಡುದುಂಟಲ್ಲ, ಅದೇ ದೊಡ್ಡ ಪಂಚಾತಿಗೆ. ಒಂದು ಅಕ್ಷರ ತಪ್ಪಿದರೆ ಅದು ‘ಇಂಥವರು ಇಲ್ಲ’ ಹೇಳ್ತದೆ. ಅವರು ಎದುರೇ ನಿಂತಿರ್ತಾರೆ!” ಎಂದುಬಿಟ್ಟರು. ಎರಡು ಏಟು, ಒಂದೇ ಮಧ್ಯಾಹ್ನ.

ಮನೆಯಲ್ಲಿ ಮೂರನೆಯದು ಕಾದಿತ್ತು. ಪವಾಯಿಯ ಕಚೇರಿಯೊಂದರಲ್ಲಿ ಇದೇ ಕಸುಬಿನಲ್ಲಿರುವ ನನ್ನ ಸೊಸೆ ಅಶ್ವಿನಿ, ನನ್ನ ಹಿಂದೆ ನಿಂತು ಎರಡು ನಿಮಿಷ ನೋಡಿ, “ಮಾವ, ಇದಕ್ಕೆ ಟ್ಯಾಬ್ ಕಂಪ್ಲೀಶನ್ ಇಲ್ವಾ? ಇಷ್ಟೆಲ್ಲ ಕೌನ್ ಟೈಪ್ ಕರೇಗಾ?” ಎಂದಳು. ಆ ಪ್ರಶ್ನೆ ನನ್ನೊಳಗೆ ಒಗ್ಗರಣೆಯಂತೆ ಸಿಡಿಯಿತು.

ಸಂಗತಿಯನ್ನು ತಿಳಿಯದವರಿಗಾಗಿ ಹೇಳುತ್ತೇನೆ. ಮಾಟುಂಗದ ಹಳೆಯ ಉಡುಪಿ ಹೋಟೆಲಿನಲ್ಲಿ ಕುಳಿತು ನೀವು “ಮ…” ಎನ್ನುವಷ್ಟರಲ್ಲಿ ಮಾಣಿ, “ಮಸಾಲೆ, ಮೈಸೂರು ಮಸಾಲೆ, ಮೆದುವಡೆ, ಮೊಸರುವಡೆ, ಯಾವುದು ಕೊಡ್ಲಿ?” ಎನ್ನುತ್ತಾನಲ್ಲವೆ? “ಮೊ” ಎಂದರೆ ಮುಂದೆ ಕೇಳುವುದೇ ಇಲ್ಲ, ಮೊಸರುವಡೆ ಬಂದೇಬಿಡುತ್ತದೆ. ಟ್ಯಾಬ್ ಕೀಲಿಯ ಕೆಲಸವೂ ಇಷ್ಟೇ. ಅರ್ಧ ಬರೆದು ಅದನ್ನು ಒತ್ತಿದರೆ, ಒಂದೇ ಉತ್ತರವಿದ್ದರೆ ಯಂತ್ರ ತಾನೇ ಪೂರ್ತಿ ಮಾಡುತ್ತದೆ; ಹಲವಿದ್ದರೆ ಪಟ್ಟಿಯನ್ನು ಮುಂದಿಡುತ್ತದೆ. ನನ್ನ ಹೆಂಡತಿಯೂ ನಲವತ್ತು ವರ್ಷಗಳಿಂದ ನನ್ನ ವಾಕ್ಯಗಳನ್ನು ಪೂರ್ತಿ ಮಾಡುತ್ತಿದ್ದಾಳೆ. ವ್ಯತ್ಯಾಸವೆಂದರೆ, ಆಕೆ ಪಟ್ಟಿ ಕೊಡುವುದಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಪರೀಕ್ಷೆಗೆ ಕುಳಿತ ಹುಡುಗನಂತೆ ಕುಳಿತೆ. ಪೂರ್ಣಗೊಳಿಸುವ ನಿಯಮಗಳನ್ನು ಒಂದು ಪ್ರತ್ಯೇಕ ಕಡತದಲ್ಲಿ ಬರೆದು, ಅದು ಎಲ್ಲಿದೆಯೆಂದು ಆಜ್ಞೆಗಳನ್ನು ಓದುವ ಶೆಲ್ಲಿಗೆ ತಿಳಿಸಬೇಕು. ಬರೆದೆ. ತಿಳಿಸಿದೆ. ಟ್ಯಾಬ್ ಒತ್ತಿದೆ. ಏನೂ ಆಗಲಿಲ್ಲ. ಮೂರು ದಿನ ಒಂದೊಂದು ಅಲ್ಪವಿರಾಮವನ್ನೂ ಕಳ್ಳನಂತೆ ಹಿಡಿದು ವಿಚಾರಣೆ ನಡೆಸಿದೆ. ನಾಲ್ಕನೆಯ ದಿನ ಅಶ್ವಿನಿ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಮಾವ, ಹಳೇ ವಿಂಡೋ ಕ್ಲೋಸ್ ಮಾಡಿ ಹೊಸದು ಓಪನ್ ಮಾಡಿದ್ರಾ? ಹಳೇದಕ್ಕೆ ಗೊತ್ತೇ ಆಗಲ್ಲ” ಎಂದು ಹೊರಟುಹೋದಳು. ಹಳೆಯದಕ್ಕೆ ಗೊತ್ತಾಗುವುದಿಲ್ಲವಂತೆ! ಇದನ್ನು ಯಾವ ಅರ್ಥದಲ್ಲಿ ಹೇಳಿದಳೆಂದು ಇನ್ನೂ ಪರಿಶೀಲಿಸುತ್ತಿದ್ದೇನೆ. ಆದರೂ ಹೊಸ ಕಿಟಕಿ ತೆರೆದೆ. ‘ಹೊತ್ತಗೆ ಕೊ’ ಎಂದು ಬರೆದು ಟ್ಯಾಬ್ ಒತ್ತಿದೆ. ‘ಕೊಡು’ ಎಂದಿತು!

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಹೆಂಡತಿ ಹಲ್ಲಿ ಬಿದ್ದಿತೆಂದು ಪೊರಕೆ ಹಿಡಿದು ಓಡಿಬಂದಳು. ಆಕೆಗೆ ಏಳು ಸಲ ತೋರಿಸಿದೆ. ಪೇಪರ್ ಹಾಕುವವನಿಗೆ ತೋರಿಸಿದೆ. ಲಿಫ್ಟಿನ ಬಾಗಿಲೆಳೆದುಕೊಂಡು ಹೋಗಿದ್ದ ನಾಲ್ಕನೆಯ ಮಾಳಿಗೆಯ ಗೃಹಸ್ಥನನ್ನೂ, ಅಪರಾಧವನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಒಳಗೆ ಕರೆದು ತೋರಿಸಿದೆ. ಎಪ್ಪತ್ತೊಂದು ವರ್ಷದ ಬೆರಳಿನ ತುದಿಯಲ್ಲಿ ಅಷ್ಟು ಸಂತೋಷ ಉಳಿದಿತ್ತೆಂದು ನನಗೇ ತಿಳಿದಿರಲಿಲ್ಲ.

ಉತ್ಸಾಹಕ್ಕೆ ಒಂದು ದೋಷವಿದೆ. ಅದು ಸಾಕು ಎನ್ನುವುದಿಲ್ಲ. ನಮ್ಮ ಸಂಘದಲ್ಲಿ ಸುಧಾಕರ ಶೆಟ್ಟಿ ಎಂಬ ಹೆಸರಿನವರೇ ನಾಲ್ವರಿದ್ದಾರೆ. ಟ್ಯಾಬ್ ಒತ್ತಿದರೆ ನಾಲ್ವರೂ ಬರುತ್ತಾರೆ. ಯಾರು ಯಾರೆಂದು ವತ್ಸಲಾ ಬಾಯಿ ಹೇಗೆ ತಿಳಿಯಬೇಕು? ಪಟ್ಟಿಯ ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ವಿವರಣೆಯನ್ನೂ ತೋರಿಸಲು ಶೆಲ್ಲಿನಲ್ಲಿ ಅವಕಾಶವಿದೆ. ವಿಳಾಸ ಹಾಕೋಣವೆಂದರೆ ನಾಲ್ವರದೂ ಮಾಟುಂಗವೇ. ಪಾಸ್‌ಪೋರ್ಟಿನಲ್ಲಿ ಮಚ್ಚೆಯಿಂದ ಗುರುತು ಹಿಡಿಯುವಂತೆ, ಮನುಷ್ಯನನ್ನು ಇನ್ನೊಬ್ಬನಿಂದ ನಿಸ್ಸಂದೇಹವಾಗಿ ಬೇರ್ಪಡಿಸುವ ಮಾಹಿತಿ ನನ್ನಲ್ಲಿ ಒಂದೇ ಅಂಕಣದಲ್ಲಿತ್ತು. ಷರಾ. ಅದನ್ನೇ ಜೋಡಿಸಿದೆ.

ಭಾನುವಾರ ಮಾಟುಂಗಾ ರೋಡ್ ಸ್ಟೇಷನ್ನಿನಲ್ಲಿ ಇಳಿದು ಸೇತುವೆ ದಾಟುವಾಗ ನನ್ನ ನಡಿಗೆಯಲ್ಲಿ ಮದುಮಗನ ಗತ್ತಿತ್ತು. ಸಭೆಯಲ್ಲಿ ಮೂವತ್ತು ಜನ. ಕುಲಕರ್ಣಿಯವರು, “ಕಡೀ ಸಲ ಸರ ಅವರದೂ ಒಂದ್ಸಲ ನೋಡಿಬಿಡೋಣು” ಎಂದು ಪ್ರೊಜೆಕ್ಟರ್ ಹಾಕಿಸಿದರು. ಆ ‘ಕಡೀ ಸಲ’ವನ್ನು ನಾನು ಗುರುತು ಹಾಕಿಕೊಂಡೆ. ‘ಹೊತ್ತಗೆ ಕೊಡು’ ಎಂದು ಬರೆದು, ಹೆಸರಿನ ಮೊದಲೆರಡು ಅಕ್ಷರ ‘ಸು’ ಹಾಕಿ, ಗಂಭೀರವಾಗಿ ಟ್ಯಾಬ್ ಒತ್ತಿದೆ. ಗೋಡೆಯ ಮೇಲೆ ಆರಡಿ ಎತ್ತರಕ್ಕೆ ಮೂಡಿತು:

ಸುಧಾಕರ ಶೆಟ್ಟಿ, ಒಂದು: ಹಾಳೆಯ ಮೂಲೆ ಮಡಿಸುವವರು.
ಸುಧಾಕರ ಶೆಟ್ಟಿ, ಎರಡು: ಸಾಂಬಾರಿನ ಕಲೆ, ಪುಟ ನಲವತ್ತು.
ಸುಧಾಕರ ಶೆಟ್ಟಿ, ಮೂರು: ನನ್ನ ಭಾಷಣದ ನಡುವೆ ನಿದ್ರೆ.
ಸುಧಾಕರ ಶೆಟ್ಟಿ, ನಾಲ್ಕು: ಅದೇ ಭಾಷಣ, ಗೊರಕೆ ಸಹಿತ.

ಮನೆಯ ಸಣ್ಣ ಪರದೆಯಲ್ಲಿ ಇದು ಮಾಹಿತಿಯಂತೆ ಕಾಣುತ್ತಿತ್ತು. ಗೋಡೆಯ ಮೇಲೆ ಆರೋಪಪಟ್ಟಿಯಂತೆ ಕಂಡಿತು. ನನ್ನ ಸೇವೆಯೂ ‘ಹೊತ್ತಗೆ’ಯೂ ಜೊತೆಯಾಗಿ ಮುಳುಗಿದವೆಂದುಕೊಂಡೆ. ಅಷ್ಟರಲ್ಲಿ ಮೂರನೆಯ ಸಾಲಿನ ಕುರ್ಚಿಯಿಂದ ನಾಲ್ಕನೆಯ ಸುಧಾಕರ ಶೆಟ್ಟರು ಎದ್ದರು. “ಹೋಯ್, ಅದು ಉಲ್ಟಾ ಆಗಿದೆ ಮಾರಾಯ್ರೆ! ಗೊರಕೆ ಇವನದ್ದು. ನಾನು ಬರೀ ಕಣ್ಣು ಮುಚ್ಚಿದ್ದು.” ಪಕ್ಕದ ಸುಧಾಕರ ಶೆಟ್ಟರು ನಗತೊಡಗಿದರು. ಆ ನಗೆ ಸಭೆಯುದ್ದಕ್ಕೂ ಹರಿಯಿತು. ಮುಂದೆ ತಂಬೋಲಾ ಆಟದ ಗದ್ದಲ: “ನನ್ನದು ಒತ್ತಿ ಸರ್!” “ಬಿ ಹಾಕಿ, ಬಿ!” ಷರಾ ಇಲ್ಲದೆ ಬರಿದೇ ಬಂದ ಒಬ್ಬ ಹಿರಿಯರಂತೂ, “ಹತ್ತು ವರ್ಷದಿಂದ ಮೆಂಬರ್ ನಾನು. ನನ್ನ ಬಗ್ಗೆ ಒಂದು ಮಾತೂ ಬೇಡವೇನ್ರಿ?” ಎಂದು ನಿಜವಾಗಿ ನೊಂದುಕೊಂಡರು.

ಕುಲಕರ್ಣಿಯವರು ತಾವೇ ಬಂದು ‘ಗು’ ಟೈಪು ಮಾಡಿ ಒತ್ತಿದರು. ‘ಗುರುರಾಜ ಕುಲಕರ್ಣಿ: ಯುಗಾದಿಯ ವಂದನಾರ್ಪಣೆಯಲ್ಲಿ ನನ್ನ ಹೆಸರು ಬಿಟ್ಟರು. ಎರಡು ವರ್ಷ.’ ಅವರು ಮೇಲಿನ ಸಾಲಿನಲ್ಲಿದ್ದ ಗುರುಪ್ರಸಾದ ಎಂಬವರ ಷರಾವನ್ನೂ ಓದಿ ಮುಗಿಸಿ, ಕನ್ನಡಕ ತೆಗೆದು ಒರೆಸಿದರು. “ಸರ, ಬಾಯಿಲೆ ಹೇಳಿದ್ರ ಆಗ್ತಿತ್ತಲ್ರೀ?” ಎಂದರು. ಆಮೇಲೆ ಸಭೆಯತ್ತ ತಿರುಗಿ, “ಹಿಂಗ ಎರಡಕ್ಷರಕ್ಕ ಹೆಸರು ಬರೋದಾದ್ರ ರೆಡಿಮೇಡ್ ಯಾಕ ಬೇಕು? ಇದ ಇರ್ಲಿ. ಇವರೂ ಇರ್ಲಿ” ಎಂದರು. ಚಪ್ಪಾಳೆ ಬಿತ್ತು. ನನ್ನ ಎದೆಯುಬ್ಬಿತು. ಅಲ್ಲಿಗೇ ಪ್ರೊಜೆಕ್ಟರ್ ಆರಿಸಿದ್ದರೆ ಈ ಪ್ರಬಂಧ ಸುಖಾಂತವಾಗುತ್ತಿತ್ತು.

“ನೀವೂ ಮೆಂಬರೇ ಅಲ್ವಾ ಸರ್? ‘ಶ್ರೀ’ ಹಾಕಿ ಒತ್ತಿ” ಎಂದರು ವತ್ಸಲಾ ಬಾಯಿ, ಬಹಳ ಮೃದುವಾಗಿ. ನನ್ನ ಹೆಸರಿನ ಮುಂದೆ ಷರಾ ಬರೆಯುವವನು ನಾನೇ. ಅಲ್ಲಿ ಏನಿರಲು ಸಾಧ್ಯ? ಧೈರ್ಯವಾಗಿ ಒತ್ತಿದೆ. ಶ್ರೀನಿವಾಸ ಎಂಬ ಸದಸ್ಯರ ಮೇಲಿನ ಸಾಲಿನಲ್ಲಿ ನಾನಿದ್ದೆ:

ಶ್ರೀಕಂಠಯ್ಯ: ಉಪ್ಪಿನಕಾಯಿ ಪುಸ್ತಕ ಕೊಂಡುಹೋಗಿ ಆರು ವರ್ಷ. ಕೇಳಿದರೆ ಬೇಜಾರು ಮಾಡಿಕೊಳ್ತಾರೆ. ಕೇಳುದು ಬೇಡ.

ಬುಧವಾರದ ಕೈಬರಹವೆಂದು ಬೇರೆ ಹೇಳಬೇಕಿರಲಿಲ್ಲ. ನಾಲ್ವರು ಸುಧಾಕರ ಶೆಟ್ಟರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ಅಡುಗೆಮನೆಯ ಕಪಾಟು ತೆಗೆದರೆ, ಅರಿಸಿನದ ಡಬ್ಬಿಯ ಹಿಂದೆ ಪುಸ್ತಕವಿತ್ತು. ನಿಂಬೆಕಾಯಿಯ ಪುಟದಲ್ಲಿ ಅಂಗೈಯಗಲದ ಎಣ್ಣೆಯ ಕಲೆ. ಮರು ಬುಧವಾರ ಅದನ್ನು ಒಯ್ದು ಮೇಜಿನ ಮೇಲಿಟ್ಟೆ. ವತ್ಸಲಾ ಬಾಯಿ ‘ಹೊತ್ತಗೆ ಪ’ ಎಂದು ಬರೆದು ಟ್ಯಾಬ್ ಒತ್ತಿದರು, ‘ಶ್ರೀಕ’ ಎಂದು ಬರೆದು ಇನ್ನೊಮ್ಮೆ ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಪುಸ್ತಕ ಮರಳಿ ಬಂದಂತಾಯಿತು. ಎಂಥ ಸೊಗಸು! ಆಮೇಲೆ ಆಕೆ ಪುಸ್ತಕ ಬಿಡಿಸಿ, ನಿಂಬೆಕಾಯಿಯ ಪುಟ ನೋಡಿ, ಏನೋ ಟೈಪು ಮಾಡತೊಡಗಿದರು. ನಾನು ಗೋಡೆಯ ಗಡಿಯಾರ ನೋಡಿದೆ. ಸುಮಾರು ನಾಲ್ಕು ನಿಮಿಷ ಟೈಪು ಮಾಡಿದರು.

ಸಭೆಯ ಕೋರಿಕೆಯಂತೆ ಹಳೆಯ ಷರಾಗಳನ್ನೆಲ್ಲ ‘ಹೊತ್ತಗೆ’ಯಿಂದ ಅಳಿಸಿದ್ದೇನೆ. ಅವೀಗ ನನ್ನ ಮನೆಯ ಕಂಪ್ಯೂಟರಿನ ಬೇರೊಂದು ಕಡತದಲ್ಲಿವೆ. ಆ ನಾಲ್ಕು ನಿಮಿಷವೂ ಅಲ್ಲಿ ದಾಖಲಾಗಿದೆ. ಅದಕ್ಕೆ ಮಾತ್ರ ಟ್ಯಾಬ್ ಅಳವಡಿಸುವ ಗೋಜಿಗೆ ಹೋಗಿಲ್ಲ. ಅಲ್ಲಿನ ಒಂದು ಹೆಸರಿಗೂ ನನಗೆ ಮೊದಲಕ್ಷರದ ನೆರವು ಬೇಕಾಗಿಲ್ಲ.