ಹದಿನೆಂಟು ಇಂಚಿನ ಬೆಂಚು

ಇವರು ಇದ್ದ ಕೊನೆಯ ಸಂಜೆ ನಮ್ಮ ಮನೆಯಲ್ಲಿ ವಿಶೇಷ ಏನೂ ನಡೆಯಲಿಲ್ಲ. ಜಗಳ ನಡೆಯಿತು. ಅಂದರೆ ವಿಶೇಷ ಏನೂ ನಡೆಯಲಿಲ್ಲ.

ನನ್ನ ಗಂಡ ಸಿಟಿ ಬಸ್ಸಿನ ಡ್ರೈವರ್. ಅಮ್ಮ, ಅಂದರೆ ನನ್ನ ತಾಯಿ, ನಮ್ಮ ಜೊತೆಗೇ ಇರುವವಳು. ಇವರು ಅವಳಿಗೆ ಇಟ್ಟ ಹೆಸರು ಹೆಡ್ಡಾಫೀಸು. ಅವಳು ಇವರಿಗೆ ಇಟ್ಟ ಹೆಸರು ಹಾರನ್ನು. ಎದುರಿಗೆ ಮಾತ್ರ ಅತ್ತೆ, ಅಳಿಯಂದಿರೇ, ನೀವು, ಬನ್ನಿ, ಹೋಗಿ. ಮರ್ಯಾದೆಗೆ ಏನೂ ಕಮ್ಮಿ ಇಲ್ಲ. ಅಷ್ಟೊಂದು ಮರ್ಯಾದೆಯಿಂದ ಬೈದಾಡುವವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಹೂ ಬಿಡುವ ಕಾಲ ಅದು. ವರ್ಷಕ್ಕೊಮ್ಮೆ ಆ ಕಾಲದಲ್ಲಿ ಮೂವರೂ ಯಾವುದಾದರೂ ಪಾರ್ಕಿಗೆ ಹೋಗಿ ಬರುತ್ತಿದ್ದೆವು. ಯಾವುದಕ್ಕೆ ಎನ್ನುವ ಜಗಳದಲ್ಲೇ ಅರ್ಧ ಹೂ ಉದುರಿರುತ್ತಿತ್ತು.

“ದೊಡ್ಡ ಪಾರ್ಕಿಗೆ ಹೋಗೋಣ ಅತ್ತೆ. ಗುಲಾಬಿ ಏನು ಬಿಟ್ಟಿದೆ ಅಂತೀರಾ! ದಿನಾ ಹತ್ತು ಸಲ ಅದರ ಮುಂದೇ ಹೋಗ್ತೀನಿ.”

“ಬಸ್ಸು ಓಡಿಸುವಾಗ ನೀವು ರಸ್ತೆ ನೋಡ್ತೀರೋ ಗುಲಾಬಿ ನೋಡ್ತೀರೋ? ನನಗೆ ಕೊಳದ ಪಾರ್ಕೇ ಸರಿ. ನೀರಿನ ಪಕ್ಕ ತಂಪು.”

“ಆ ನೀರಿಗೆ ಬಾತುಕೋಳಿನೂ ಇಳಿಯಲ್ಲ ಅತ್ತೆ.”

“ನೀವು ಬಂದು ಮಾತಾಡಿರ್ತೀರಿ. ಅದಕ್ಕೇ ಓಡಿಹೋಗಿರುತ್ತೆ.”

ನನಗೆ ತಲೆ ಸಿಡಿಯಿತು. “ಇಬ್ಬರೂ ಬಾಯಿ ಮುಚ್ಚಿ!” ಎಂದೆ. (ಗಂಡನಿಗೆ ಹಾಗೆ ಹೇಳಬಾರದು. ತಾಯಿಗೂ ಹೇಳಬಾರದು. ಇಬ್ಬರಿಗೂ ಸೇರಿಸಿ ಹೇಳಿದರೆ ಅರ್ಧರ್ಧ ಹಂಚಿಹೋಗುತ್ತದೆ ಎಂದು ನಾನೇ ಮಾಡಿಕೊಂಡ ಕಾನೂನು.) “ಈ ಸಲ ನಾನು ಹೇಳಿದ ಕಡೆ ಹೋಗೋದು.”

“ಸರಿ ಮಾರಾಯ್ತಿ, ನೀನೇ ಹೇಳು,” ಎಂದರು ಇವರು.

“ನಾಳೆ ಹೇಳ್ತೀನಿ,” ಎಂದೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಫ್ಲಾಸ್ಕಿಗೆ ಟೀ ತುಂಬಿದೆ. ಮೂರು ಚಮಚ ಸಕ್ಕರೆ. ಇವರು ಅದನ್ನು ಬ್ಯಾಗಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಬಸ್ಸನ್ನು ಡಿಪೋಗೆ ತಂದು, ಸಾಲಿನಲ್ಲಿ ಸರಿಯಾಗಿ ನಿಲ್ಲಿಸಿ, ಬ್ರೇಕು ಎಳೆದು, ಕೀ ತೆಗೆದು ಕೈಯಲ್ಲಿ ಹಿಡಿದು ಸೀಟಿನಲ್ಲೇ ಕುಳಿತಿದ್ದರಂತೆ. ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು. ಕೆಲಸ ಅರ್ಧಕ್ಕೆ ಬಿಡುವ ಮನುಷ್ಯ ಅಲ್ಲ ಅವರು. ಡಿಪೋದವರು ಫ್ಲಾಸ್ಕನ್ನು ತಂದುಕೊಟ್ಟರು. ಟೀ ತುಂಬಿದ ಹಾಗೇ ಇತ್ತು.

ಆಮೇಲೆ ಒಂದು ವರ್ಷ ಹೋಯಿತು. ಅದರ ಬಗ್ಗೆ ಬರೆಯುವುದಿಲ್ಲ.

ಒಂದು ಮಾತ್ರ ಹೇಳಬೇಕು. ನಾನು ಫ್ಲಾಸ್ಕು ತುಂಬುವುದನ್ನು ಬಿಡಲಿಲ್ಲ. ಮೊದಲ ವಾರ ಮರೆತು ತುಂಬಿದೆ. ಆಮೇಲೆ ಮರೆಯದೆ ತುಂಬಿದೆ. ತುಂಬಿ, ಅವರು ತೆಗೆದುಕೊಳ್ಳುತ್ತಿದ್ದ ಗೂಡಿನಲ್ಲಿಟ್ಟು, ಟೈಲರ್ ಅಂಗಡಿಗೆ ಕೆಲಸಕ್ಕೆ ಹೋಗುವುದು. (ನಾನು ಅಲ್ಲಿ ಕಾಜಾ ಹಾಕುವವಳು. ಅಂಗಿಯ ಗುಂಡಿ ತೂರುವ ತೂತಿಗೆ ನೂಲು ಹಾಕುವ ಕೆಲಸ. ಇಪ್ಪತ್ತು ವರ್ಷದಿಂದ ತೂತುಗಳನ್ನೇ ನೋಡುತ್ತಿದ್ದೇನೆ.) ಸಂಜೆ ಬಂದರೆ ಫ್ಲಾಸ್ಕು ತೊಳೆದು ಬೋರಲು ಹಾಕಿರುತ್ತಿತ್ತು. ಒಂದೇ ಸಲ ಕೇಳಿದೆ.

“ಚೆಲ್ಲಿದೆ,” ಎಂದಳು ಅಮ್ಮ. ನನ್ನ ಮುಖ ನೋಡಲಿಲ್ಲ. ನನಗೂ ನಾಚಿಕೆ. ಮತ್ತೆ ಕೇಳಲಿಲ್ಲ.

ಅಮ್ಮನೂ ಮನೆ ಬಿಟ್ಟು ಹೊರಗೆ ಬರುವುದನ್ನು ನಿಲ್ಲಿಸಿದ್ದಳು. ಬಾ ಅಂದರೆ ಮಂಡಿ ಅನ್ನುತ್ತಿದ್ದಳು. ಮೊದಲಿನ ಬಾಯಿಯೂ ಇಲ್ಲ. ಮನೆಯಲ್ಲಿ ಗೋಡೆ ಗಡಿಯಾರ ನಮ್ಮಿಬ್ಬರಿಗಿಂತ ಜಾಸ್ತಿ ಮಾತಾಡುತ್ತಿತ್ತು.

ಈ ಹೂವಿನ ಕಾಲ ಶುರುವಾಗುವ ಹೊತ್ತಿಗೆ ಅಮ್ಮನ ಸಕ್ಕರೆ ಕಾಯಿಲೆ ಏರಿತು. ಡಾಕ್ಟರಮ್ಮ ಕಾಗದ ನೋಡಿ ಕನ್ನಡಕ ತೆಗೆದರು. ಕನ್ನಡಕ ತೆಗೆಯುವ ಡಾಕ್ಟರರನ್ನು ಕಂಡರೆ ನನಗೆ ಭಯ.

“ಸಿಹಿ ಏನಾದ್ರೂ ತಿಂತಾರಾ?”

“ಮನೇಲಿ ಸಿಹಿ ಮಾಡಿ ವರ್ಷ ಆಯ್ತು ಡಾಕ್ಟರಮ್ಮ.”

“ನಡೀತಾರಾ?”

“ಬೀದಿ ತುದಿಗೂ ಹೋಗಲ್ಲ.”

“ಅದೇ ಮತ್ತೆ! ದಿನಾ ನಡೆಸಿ. ಒಂದು ತಿಂಗಳು ನೋಡ್ತೀನಿ. ಇಳೀಲಿಲ್ಲ ಅಂದ್ರೆ ಕಣ್ಣಿಗೆ ಹೋಗುತ್ತೆ. ಕಣ್ಣು ಹೋದ್ರೆ ನಾನು ತಂದುಕೊಡೋಕಾಗಲ್ಲ.”

ಒಂದು ತಿಂಗಳು. ಮನೆಯಲ್ಲಿದ್ದ ಮೂವರಲ್ಲಿ ಒಬ್ಬರು ಹೋಗಿದ್ದರು. ಉಳಿದವಳ ಕಣ್ಣೂ ಹೋಗಲು ಬಿಡುವುದು ಹೇಗೆ? ಬಸ್ಸಿನಲ್ಲಿ ಬರುವಾಗಲೇ ತೀರ್ಮಾನ ಮಾಡಿದೆ. ಇವಳನ್ನು ಪಾರ್ಕಿಗೆ ಎಳೆಯಬೇಕು. ಒಂದು ಸಲ ಹೂವಿನ ರುಚಿ ಹತ್ತಿದರೆ ದಿನಾ ಬರುತ್ತಾಳೆ.

“ಅಮ್ಮ, ಯಾವ ಪಾರ್ಕಿಗೆ ಹೋಗೋಣ ಹೇಳು.”

“ನನ್ನ ಕೈಲಾಗಲ್ಲ ಕಣೇ. ಮೆಟ್ಟಿಲಿರುತ್ತೆ.”

“ಮೆಟ್ಟಿಲಿಲ್ಲದ್ದು ಹುಡುಕ್ತೀನಿ.”

“ಬೆಂಚು ತಗ್ಗಿರುತ್ತೆ. ಕೂತರೆ ಏಳೋಕಾಗಲ್ಲ. ಕ್ರೇನು ತರಿಸ್ತೀಯಾ?”

“ಎತ್ತರದ್ದು ಹುಡುಕ್ತೀನಿ.”

“ಕಕ್ಕಸು ದೂರ ಇರುತ್ತೆ.”

“ಹತ್ತಿರ ಇರೋದನ್ನ ಹುಡುಕ್ತೀನಿ!”

“ಅಂಥದ್ದು ಈ ಊರಲ್ಲಿಲ್ಲ,” ಎಂದು ಹೆಡ್ಡಾಫೀಸು ಆ ಕಡೆ ತಿರುಗಿ ಮಲಗಿತು.

ನನಗೆ ಹಟ ಬಂತು. ಆ ಕ್ಷಣವೇ ಉದ್ಯಾನ ಆಯ್ಕೆ ಸಮಿತಿ ಸ್ಥಾಪನೆಯಾಯಿತು. ಅಧ್ಯಕ್ಷೆ ನಾನು, ಕಾರ್ಯದರ್ಶಿ ನಾನು, ವಿರೋಧ ಪಕ್ಷ ಅಮ್ಮ. ಓದಿದವರಾದರೆ ಪುಸ್ತಕ ನೋಡುತ್ತಿದ್ದರೇನೋ. ನಾನು ಮೂರನೇ ಕ್ಲಾಸು. ನನಗೆ ಗೊತ್ತಿರುವ ವಿದ್ಯೆ ಟೇಪು ಒಂದೇ. ಅಮ್ಮ ನಿದ್ದೆ ಮಾಡುವಾಗ ಅವಳು ಸಲೀಸಾಗಿ ಎದ್ದೇಳುವ ಕುರ್ಚಿಯನ್ನು ಅಳೆದೆ. ಹದಿನೆಂಟು ಇಂಚು. ಇನ್ನು ಹದಿನೆಂಟು ಇಂಚಿನ ಬೆಂಚು ಎಲ್ಲಿದೆಯೋ ಅದೇ ಪಾರ್ಕು.

ಅಂಗಡಿಯ ಟೇಪನ್ನು ಕೊರಳಿಗೆ ಹಾಕಿಕೊಂಡು ಸಂಜೆ ದೊಡ್ಡ ಪಾರ್ಕಿಗೆ ಹೋದೆ. ಗುಲಾಬಿ ನಿಜವಾಗಿಯೂ ಬಿಟ್ಟಿತ್ತು. ಇವರು ಹೇಳಿದ್ದು ಸುಳ್ಳಲ್ಲ. ಆದರೆ ಗೇಟಿನಿಂದ ಗುಲಾಬಿಗೆ ನಲವತ್ತೆರಡು ಮೆಟ್ಟಿಲು. ಬೆಂಚು ಹದಿನಾಲ್ಕು ಇಂಚು. ತಿರಸ್ಕಾರ.

ಕೊಳದ ಪಾರ್ಕಿನಲ್ಲಿ ಬೆಂಚು ಹದಿನೇಳೂವರೆ. ಆಸೆ ಹುಟ್ಟಿತು. ಅದರ ಮೇಲೆ ಒಬ್ಬ ದಪ್ಪ ಯಜಮಾನರು ಕುಳಿತಿದ್ದರು. ಕುಳಿತಾಗ ಬೆಂಚು ಎಷ್ಟು ಬಗ್ಗುತ್ತದೆ ಎಂದು ನೋಡಲು ಅವರ ಹಿಂದೆ ಮಂಡಿಯೂರಿ ಟೇಪು ಹಿಡಿದೆ. ಅವರು ತಿರುಗಿ ನೋಡಿದರು. ಕೂಗಿದರು. ವಾಚ್‌ಮನ್ ಓಡಿಬಂದ.

“ಏನಮ್ಮ ಅಳೀತಿದ್ದೀಯ?”

“ಬೆಂಚು.”

“ಬೆಂಚು ಅಳೆಯೋಳು ನನ್ನ ಯಾಕೆ ಅಳೆದಳು ಕೇಳಿ!” ಎಂದರು ದಪ್ಪ ಯಜಮಾನರು.

“ನಿಮ್ಮನ್ನ ಅಳೆಯೋಕೆ ಈ ಟೇಪು ಸಾಲಲ್ಲ,” ಎಂದು ಬಾಯಿ ತಪ್ಪಿ ಬಂತು. (ಬಾಯಿ ಅಮ್ಮನಿಂದ ಬಂದದ್ದು.) ವಾಚ್‌ಮನ್ ನನ್ನನ್ನು ಗೇಟಿನವರೆಗೆ ಕಳಿಸಿಕೊಟ್ಟ. ಹೋಗುವಾಗ ಹೆಜ್ಜೆ ಎಣಿಸಿದೆ. ಬೆಂಚಿನಿಂದ ಕಕ್ಕಸಿಗೆ ಮುನ್ನೂರ ಹತ್ತು ಹೆಜ್ಜೆ. ಅದೂ ತಿರಸ್ಕಾರ.

ಇನ್ನೊಂದು ಪಾರ್ಕು ಉಳಿದಿತ್ತು. ನಮ್ಮ ಮನೆಗೆ ಅದೇ ಹತ್ತಿರ. ಆದರೆ ಅದು ಬಸ್ ಡಿಪೋದ ಹಿಂದೆ.

ಆ ಕಡೆ ನಾನು ವರ್ಷದಿಂದ ಹೋಗಿರಲಿಲ್ಲ. ಅಂಗಡಿಗೆ ಸುತ್ತು ಬಳಸಿ ಹೋಗುತ್ತಿದ್ದೆ. ತಿಂಗಳಲ್ಲಿ ಹನ್ನೆರಡು ದಿನ ಆಗಲೇ ಕಳೆದಿತ್ತು. ಅಮ್ಮ ಸೂಜಿಗೆ ದಾರ ಪೋಣಿಸಲು ಮೂರು ಸಲ ತಪ್ಪಿದಳು. ಅದನ್ನು ನೋಡಿದೆ. ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಡಿಪೋ ರಸ್ತೆ ಹಿಡಿದೆ.

ಡಿಪೋ ಗೋಡೆ ಕಾಣಿಸಿದಾಗ ಕಾಲು ನಿಂತಿತು. ಒಳಗೆ ಯಾರೋ ಬಸ್ಸು ಸ್ಟಾರ್ಟ್ ಮಾಡಿದರು. ಟೇಪನ್ನು ಗಟ್ಟಿಯಾಗಿ ಹಿಡಿದುಕೊಂಡು, ನೆಲ ನೋಡಿಕೊಂಡು ಹೋದೆ. ಪಾರ್ಕು ಅಂಗೈಯಷ್ಟು. ಮೆಟ್ಟಿಲಿಲ್ಲ. ಕಕ್ಕಸಿಗೆ ಮೂವತ್ತು ಹೆಜ್ಜೆ. ಹಳದಿ ಹೂವಿನ ಒಂದು ಮರ, ಅದರ ಕೆಳಗೆ ಒಂದು ಬೆಂಚು. ಅಳೆದೆ. ಹದಿನೆಂಟು. ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ.

“ಏನಮ್ಮಾ, ಬೆಂಚಿಗೆ ಅಂಗಿ ಹೊಲಿಸ್ತೀರಾ?” ನೀರು ಹಾಯಿಸುತ್ತಿದ್ದ ಮಾಲಿ ಕೇಳಿದ.

“ಕೂರೋಕೆ ಒಬ್ಬರನ್ನ ಕರ್ಕೊಂಡು ಬರ್ತೀನಿ.”

“ಇದು ಬೇಡಮ್ಮ. ಇದು ಒಬ್ಬರ ಜಾಗ. ಆ ಕಡೆದ್ದು ನೋಡಿ.”

“ಪಾರ್ಕಿನ ಬೆಂಚು ಯಾರ ಅಪ್ಪಂದೂ ಅಲ್ಲ!” ಎಂದು ದಬಾಯಿಸಿ ಬಂದೆ.

ಆ ಭಾನುವಾರ ಅಮ್ಮನನ್ನು ಹೊರಡಿಸಿದೆ. ಡಿಪೋ ಹಿಂದಿನ ಪಾರ್ಕು ಎಂದಾಗ ಅವಳ ಮುಖ ಬಿಳುಚಿತು. ನಾನು ಅದು ಅಳಿಯನ ನೆನಪು ಎಂದುಕೊಂಡೆ.

“ಅಲ್ಲಿ ಬೇಡ ಕಣೇ. ನಿನಗೆ ಕಷ್ಟ ಆಗುತ್ತೆ.”

“ನನಗೇನೂ ಆಗಲ್ಲ. ನಡಿ.”

ಬೀದಿ ಉದ್ದಕ್ಕೂ ಮಂಡಿ ಹಿಡಿದು, “ಅಯ್ಯೋ, ಅಮ್ಮಾ” ಎನ್ನುತ್ತ ಬಂದಳು. ನಾನು ತೋಳು ಹಿಡಿದು ನಡೆಸಿದೆ. ಡಿಪೋ ಗೋಡೆಯ ಹತ್ತಿರ ನಾನು ನಿಂತೆ. ಕಣ್ಣು ಮಂಜಾಯಿತು. ನೋಡಿದರೆ ಅಮ್ಮ ನನ್ನ ತೋಳು ಹಿಡಿದು ದರದರ ಎಳೆದುಕೊಂಡು ಹೋಗುತ್ತಿದ್ದಾಳೆ. ಮಂಡಿ ಇಲ್ಲ, ಅಯ್ಯೋ ಇಲ್ಲ. ಒಡೆದ ಚಪ್ಪಡಿ ಎಲ್ಲಿದೆ ಎಂದು ನೋಡದೆಯೇ ದಾಟಿದಳು. ಪಾರ್ಕಿನ ಮುಂದಿನ ಗೇಟಿಗೆ ಬೀಗ ಇತ್ತು. ಪಕ್ಕದ ಸಂದಿಯಲ್ಲಿ ಚಿಕ್ಕ ಗೇಟಿದೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಕೈ ತೂರಿಸಿ ಚಿಲಕ ತೆಗೆದಳು.

ಮಾಲಿ ತಲೆ ಎತ್ತಿದ.

“ಏನಜ್ಜಿ, ಭಾನುವಾರಾನೂ ಬಂದ್ರಿ?” ಆಮೇಲೆ ನನ್ನನ್ನು ನೋಡಿದ. “ಅಯ್ಯೋ ಅಜ್ಜಿ, ಇವರೇ! ಟೇಪು ಹಿಡ್ಕೊಂಡು ಬಂದಿದ್ದ ಹೆಂಗಸು ಅಂತ ಹೇಳಿದ್ನಲ್ಲ, ತಲೆ ಸ್ವಲ್ಪ ಸರಿ ಇಲ್ಲ ಅಂತ, ಇವರೇ!”

“ಗೊತ್ತು,” ಎಂದಳು ಅಮ್ಮ. “ನನ್ನ ಮಗಳು.”

ಮಾಲಿ ನೀರಿನ ಪೈಪು ಹಿಡಿದುಕೊಂಡು ತುಂಬಾ ದೂರದ ಗಿಡಕ್ಕೆ ಹೋದ.

ಅಮ್ಮ ಬೆಂಚಿನ ಮೇಲೆ ಕುಳಿತಳು. ಎಡ ತುದಿಯಲ್ಲಿ. ಬಲಕ್ಕೆ ಒಬ್ಬರ ಜಾಗ ಬಿಟ್ಟು. ನಾನು ನಿಂತೇ ಇದ್ದೆ.

“ಎಷ್ಟು ದಿನದಿಂದ?”

“ಆರು ವರ್ಷ.”

“ಆರು ವರ್ಷಾನಾ!”

“ಅವರಿಗೆ ಡ್ಯೂಟಿ ಮುಗೀತಿದ್ದದ್ದು ಎರಡಕ್ಕೆ. ನಿನಗೆ ನಾಲ್ಕು ಅಂತ ಹೇಳಿದ್ದು ನಾವೇ. ಅವರು ಇಲ್ಲಿ ಕೂತೇ ಟೀ ಕುಡಿಯೋರು, ಮಾತಾಡ್ಕೊಂಡು ಮನೆಗೆ ಬರ್ತಿದ್ವಿ.”

“ಮನೇಲಿ ಮಾತಾಡೋಕೆ ಏನಾಗಿತ್ತು?”

“ಮನೇಲಿ ನೀನು ಬಾಯಿ ಮುಚ್ಚಿ ಅಂತೀಯ. ಮನಸ್ಸು ಬಿಚ್ಚಿ ಜಗಳ ಆಡೋಕೆ ಮನುಷ್ಯರಿಗೆ ಒಂದು ಜಾಗ ಬೇಡ್ವಾ?”

ನಾನು ಕುಳಿತೆ. ಹದಿನೆಂಟು ಇಂಚು ನನಗೇ ಬೇಕಾಯಿತು.

“ಮತ್ತೆ ಮಂಡಿ?”

“ನಡೀತೀನಿ ಅಂದ್ರೆ ಎಲ್ಲಿಗೆ ಅಂತ ಕೇಳ್ತೀಯ. ನೀನು ಈ ಕಡೆ ಕಾಲಿಡಲ್ಲ ಅಂತ ನಂಬಿದ್ದೆ.” ಮಡಿಲಿಗೆ ಬಿದ್ದ ಹೂ ಕೊಡವಿ ಹೇಳಿದಳು, “ಅವತ್ತೂ ಇಲ್ಲೇ ಕಾದೆ. ಮೂರಾಯ್ತು, ಬರಲಿಲ್ಲ. ಬೈಕೊಂಡೇ ಮನೆಗೆ ಬಂದೆ. ಗೋಡೆ ಆಚೆ ಕೂತಿದ್ದಾರೆ ಅಂತ ನನಗೇನು ಗೊತ್ತು?”

ನಾನು ತಿರುಗಿ ಡಿಪೋ ಗೋಡೆ ನೋಡಿದೆ.

“ಅದಕ್ಕೇ ದಿನಾ ಬಂದು ಬೈತೀನಿ. ಮನೇಲಿ ಬೈದ್ರೆ ನೀನು ಅಳ್ತೀಯ.” ಖಾಲಿ ಜಾಗದ ಕಡೆ ತಿರುಗಿದಳು. “ನೋಡೋ, ನಿನ್ನ ಹೆಂಡತಿ ಬಂದಿದ್ದಾಳೆ. ಬೆಂಚು ಅಳೆದು ಪಾರ್ಕು ಹುಡುಕಿದ್ದಾಳೆ. ಇಂಥ ಬುದ್ಧಿವಂತೇನ ಕಟ್ಕೊಂಡಿದ್ದೆ ನೀನು.”

ಇದ್ದಾಗ ಇಪ್ಪತ್ತೆರಡು ವರ್ಷ ‘ನೀವು’ ಎಂದವಳು. ಈಗ ಹೆತ್ತ ಮಗನಿಗೆ ಅಂದ ಹಾಗೆ ‘ನೀನು’.

ಅಷ್ಟು ಹೇಳಿ ಚೀಲಕ್ಕೆ ಕೈ ಹಾಕಿ ಫ್ಲಾಸ್ಕು ತೆಗೆದಳು. ನಾನು ಬೆಳಿಗ್ಗೆ ತುಂಬಿಟ್ಟದ್ದು. ಮುಚ್ಚಳಕ್ಕೆ ಟೀ ಬಗ್ಗಿಸಿ ನನಗೆ ಕೊಟ್ಟಳು. ಬಾಯಿಗಿಟ್ಟೆ. ಪಾಕ.

“ಅಮ್ಮ! ಇದನ್ನ ದಿನಾ ಕುಡೀತೀಯಾ? ಪೂರ್ತಿ?”

“ನೀನು ದಿನಾ ತುಂಬಿಡ್ತೀಯ.”

“ಚೆಲ್ಲಿದೆ ಅಂದಿದ್ದೆ!”

“ಚೆಲ್ಲೋಕೆ ಮನಸ್ಸು ಬರಲಿಲ್ಲ ಕಣೇ.”

ಡಾಕ್ಟರಮ್ಮನ ಮುಂದೆ ಕುಳಿತು ಸಿಹಿ ಇಲ್ಲ, ನಡಿಗೆ ಇಲ್ಲ ಎಂದು ಸಾಕ್ಷಿ ಹೇಳಿದವಳು ನಾನು. ನಡಿಗೆ ಇತ್ತು. ಸಿಹಿಯೂ ಇತ್ತು. ದಿನಕ್ಕೆ ಮೂರು ಚಮಚ, ನನ್ನ ಕೈಯಿಂದಲೇ. ಅವಳ ಕಣ್ಣು ಉಳಿಸಲು ಊರಿನ ಬೆಂಚುಗಳನ್ನೆಲ್ಲ ಅಳೆದೆ. ಚಮಚ ಅಳೆಯಲಿಲ್ಲ.

ನಗು ಬಂತು. ಆಮೇಲೆ ಅಳು ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಟೀ ಮೂಗಿಗೆ ಹತ್ತಿತು. ಅಮ್ಮ ಬೆನ್ನಿಗೆ ಗುದ್ದಿದಳು. ದೂರದಿಂದ ಮಾಲಿ ಮರುಕದಿಂದ ನೋಡಿದ. ಅವನ ಅನುಮಾನ ಖಾತ್ರಿಯಾಗಿರಬೇಕು.

ಕೆಮ್ಮು ನಿಂತ ಮೇಲೆ ಖಾಲಿ ಜಾಗಕ್ಕೆ ಹೇಳಿದೆ, “ರೀ, ಇಲ್ಲಿಗೇ ಹೋಗೋಣ.”

“ನಾಳೆ ಹೇಳ್ತೀನಿ ಅಂದು ಒಂದು ವರ್ಷ ಮಾಡಿದಳು ನೋಡೋ,” ಎಂದಳು ಅಮ್ಮ.

ತಿಂಗಳು ತುಂಬಿದಾಗ ಸಕ್ಕರೆ ಇಳಿದಿತ್ತು. ಡಾಕ್ಟರಮ್ಮ ಕನ್ನಡಕ ತೆಗೆಯಲಿಲ್ಲ. “ನೋಡಿದ್ರಾ, ನಡಿಗೆ ಎಂಥ ಕೆಲಸ ಮಾಡುತ್ತೆ!” ಎಂದರು. ಹೌದು ಡಾಕ್ಟರಮ್ಮ ಎಂದೆ. ಅಮ್ಮ ಮೇಜಿನ ಕೆಳಗೆ ನನ್ನ ಕಾಲು ತುಳಿದಳು.

ಈಗಲೂ ದಿನಾ ಬೆಳಿಗ್ಗೆ ಎದ್ದು ಮೊದಲು ಫ್ಲಾಸ್ಕು ತೊಳೆಯುತ್ತೇನೆ. ಟೀ ಕಾಯಿಸಿ ಸೋಸಿ ತುಂಬುತ್ತೇನೆ. ಸಕ್ಕರೆ ಡಬ್ಬಿ ನನ್ನ ಟ್ರಂಕಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿ. ಆದರೂ ಕೈ ಡಬ್ಬಿ ಇದ್ದ ಗೂಡಿನ ಕಡೆ ಹೋಗುತ್ತದೆ, ಇಲ್ಲದ ಡಬ್ಬಿಗೆ ಮೂರು ಸಲ. ಬಾಗಿಲಲ್ಲಿ ನಿಂತು ಅಮ್ಮ ಎಣಿಸುತ್ತಾಳೆ. ಮುಚ್ಚಳ ಬಿಗಿದು ಫ್ಲಾಸ್ಕನ್ನು ಅವಳ ಚೀಲಕ್ಕೆ ಹಾಕುತ್ತೇನೆ.

“ಸಪ್ಪೆ ಟೀ ಕೊಟ್ಟರೆ ಅವನು ಏನಂತಾನೋ,” ಎನ್ನುತ್ತಾಳೆ.

“ಅಂದದ್ದನ್ನ ಸಂಜೆ ಬಂದು ಹೇಳು,” ಎನ್ನುತ್ತೇನೆ.